ಒಣಭೂಮಿಯ ಸಣ್ಣ ಹೊಲಕ್ಕೆ ಯಾವ ಸೌರ ಪಂಪು? ಆಯ್ಕೆಗೆ ಮುನ್ನ ನೋಡಬೇಕಾದ ಲೆಕ್ಕಗಳು

"ಎಷ್ಟು ಎಚ್‌ಪಿ ಹಾಕಿಸಲಿ?" ಎಂದು ಸೌರ ಪಂಪಿನ ಮಾತು ಶುರುವಾದರೆ ಲೆಕ್ಕ ಮೊದಲ ಹೆಜ್ಜೆಯಲ್ಲೇ ತಪ್ಪುತ್ತದೆ. ವಿದ್ಯುತ್ ಲೈನ್ ಇರುವಲ್ಲಿ ಎಚ್‌ಪಿ ಸ್ವಲ್ಪ ಹೆಚ್ಚಾದರೂ ನಡೆದುಹೋಗುತ್ತದೆ. ಬಿಸಿಲಿನ ಪಂಪಿಗೆ ಬೆಳಿಗ್ಗೆ ಸಿಗುವ ಶಕ್ತಿ ಬೇರೆ, ಮಧ್ಯಾಹ್ನದ್ದು ಬೇರೆ, ಮೋಡ ಬಂದಾಗಿನದು ಇನ್ನೂ ಬೇರೆ. ಇದಕ್ಕೆ ಕೇಳಬೇಕಾದ ಪ್ರಶ್ನೆ ಒಂದೇ: ವರ್ಷದ ಅತ್ಯಂತ ಒಣ ತಿಂಗಳಲ್ಲಿ ದಿನಕ್ಕೆ ಎಷ್ಟು ಸಾವಿರ ಲೀಟರ್ ನೀರನ್ನು ಎಷ್ಟು ಮೀಟರ್ ಮೇಲೆತ್ತಬೇಕು? ಇದಕ್ಕೆ ಉತ್ತರ ಸಿಕ್ಕರೆ ಪಂಪು, ಮೋಟರ್, ಪ್ಯಾನಲ್ ಎಲ್ಲವೂ ಅದರ ಹಿಂದೆ ಬರುತ್ತವೆ. ಪ್ಯಾನಲ್ ಆಯ್ಕೆ ಎಲ್ಲಕ್ಕಿಂತ ಕೊನೆಗೆ.

ಲೆಕ್ಕ ಮಾಡುವ ಬಗೆ

ಅರ್ಧ ಎಕರೆ ತರಕಾರಿ ಎಂದುಕೊಳ್ಳೋಣ, ಅಂದರೆ ಸುಮಾರು 2,000 ಚದರ ಮೀಟರ್. ಒಣ ಪ್ರದೇಶದ ಬೇಸಿಗೆಯಲ್ಲಿ ತುಂಬಿ ನಿಂತ ಬೆಳೆ ದಿನಕ್ಕೆ 6 ಮಿಲಿಮೀಟರ್ ನೀರು ಕುಡಿಯುವುದು ಸಾಮಾನ್ಯ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಎಂದರೆ ಒಂದು ಲೀಟರ್. ಹಾಗಾಗಿ ದಿನಕ್ಕೆ 12,000 ಲೀಟರ್ ಬೇರಿಗೆ ಮುಟ್ಟಬೇಕು. ಹನಿ ನೀರಾವರಿಯಲ್ಲಿ ನೂರಕ್ಕೆ ತೊಂಬತ್ತರಷ್ಟು ಬೇರಿಗೆ ತಲುಪುತ್ತದೆ ಎಂದು ಹಿಡಿದರೆ ಪಂಪು ಎತ್ತಬೇಕಾದ್ದು ಸುಮಾರು 13,300 ಲೀಟರ್, ಅಂದರೆ 13.3 ಘನ ಮೀಟರ್.

ಇನ್ನು ಎತ್ತರ. ಪಂಪು ಓಡುತ್ತಿರುವಾಗ ಕೊಳವೆಬಾವಿಯ ನೀರು 30 ಮೀಟರ್ ಆಳದಲ್ಲಿದೆ, ತೊಟ್ಟಿಯ ಬಾಯಿ ನೆಲದಿಂದ 5 ಮೀಟರ್ ಮೇಲಿದೆ, ಪೈಪಿನ ಘರ್ಷಣೆಗೆ 3 ಮೀಟರ್. ಒಟ್ಟು 38 ಮೀಟರ್. ಇದನ್ನೇ ಅಂಗಡಿಯವರು 'ಹೆಡ್' ಎನ್ನುವುದು.

ಒಂದು ಘನ ಮೀಟರ್ ನೀರನ್ನು ಒಂದು ಮೀಟರ್ ಎತ್ತಲು 2.725 ವ್ಯಾಟ್-ಅವರ್ ಬೇಕು. ಹಾಗಾದರೆ 13.3 × 38 × 2.725 = ಸುಮಾರು 1,380 ವ್ಯಾಟ್-ಅವರ್. ಇದು ನೀರಿಗೆ ಸೇರುವ ಶಕ್ತಿ ಅಷ್ಟೇ. ಸಣ್ಣ ಪಂಪು, ಮೋಟರ್, ಕಂಟ್ರೋಲರ್ (ಪ್ಯಾನಲಿನ ಕರೆಂಟನ್ನು ಮೋಟರಿಗೆ ಹೊಂದಿಸಿ ಕೊಡುವ ಪೆಟ್ಟಿಗೆ) ಮೂರೂ ಸೇರಿ ಶೇ. 40ರಷ್ಟು ದಕ್ಷತೆ ಕೊಟ್ಟರೆ ಪ್ಯಾನಲ್ ಕಡೆಯಿಂದ 3,450 ವ್ಯಾಟ್-ಅವರ್ ಬರಬೇಕಾಗುತ್ತದೆ. ದಿನಕ್ಕೆ 5.5 ಗಂಟೆ ಪೂರ್ಣ ಬಿಸಿಲಿಗೆ ಸಮನಾದ ಬೆಳಕು ಬೀಳುತ್ತದೆ, ಬಿಸಿ ಮತ್ತು ಧೂಳಿನಿಂದ ಶೇ. 20 ಹೋಗುತ್ತದೆ ಎಂದರೆ 3,450 ÷ (5.5 × 0.8) = ಸುಮಾರು 780 ವ್ಯಾಟ್. ಕೈಯಲ್ಲಿ ಸ್ವಲ್ಪ ಹೆಚ್ಚಿರಲಿ ಎಂದು 900 ವ್ಯಾಟ್ ಹಾಕಿಸಿದರೆ ಸರಿಹೋಯಿತು.

ಅದೇ ಅರ್ಧ ಎಕರೆಗೆ ಸಾಲುಗಳಲ್ಲಿ ನೀರು ಹಾಯಿಸಿದರೆ? ದಕ್ಷತೆ ಶೇ. 60 ಎಂದು ಹಿಡಿದರೂ ದಿನಕ್ಕೆ 20 ಘನ ಮೀಟರ್ ಬೇಕು, ಪ್ಯಾನಲ್ ಒಂದೂವರೆ ಪಟ್ಟು. ಹನಿ ನೀರಾವರಿಯ ಖರ್ಚು ದುಬಾರಿ ಎನ್ನುವವರು ಈ ಒಂದು ಸಾಲನ್ನು ಇನ್ನೊಮ್ಮೆ ಓದಿಕೊಳ್ಳಬೇಕು. ಪ್ಯಾನಲ್ಲಾದರೂ ಹೆಚ್ಚಿಗೆ ಕೊಳ್ಳಬಹುದು, ಬಾವಿಯಲ್ಲಿ ಇಲ್ಲದ 6,700 ಲೀಟರನ್ನು ಎಲ್ಲಿಂದ ತರುವುದು?

ಬಾವಿ ಏನು ಹೇಳುತ್ತದೆ

ಕೊಳವೆಬಾವಿ ಕೊರೆದ ದಿನ ಯಾರೋ ಕಣ್ಣಳತೆಯಲ್ಲಿ ಹೇಳಿದ ಇಂಚಿನ ಲೆಕ್ಕ ಸೌರ ಪಂಪಿಗೆ ಸಾಲದು. ಬೇಸಿಗೆಯ ಕೊನೆಯಲ್ಲಿ, ಬೇಕಾದ ಪ್ರಮಾಣದಲ್ಲಿ ನಾಲ್ಕಾರು ಗಂಟೆ ಒಂದೇ ಸಮನೆ ನೀರು ತೆಗೆದು, ನೀರಿನ ಮಟ್ಟ ಎಲ್ಲಿಗೆ ಇಳಿದು ನಿಂತಿತು ಎಂದು ನೋಡಬೇಕು. ತೂಕ ಕಟ್ಟಿದ ಟೇಪು, ಒಂದು ಡ್ರಮ್ಮು, ಗಡಿಯಾರ ಇಷ್ಟಿದ್ದರೆ ಸಾಕು. ನಿಂತ ನೀರಿನ ಮಟ್ಟ 18 ಮೀಟರ್ ಇದ್ದು, ಓಡುವಾಗ 30ಕ್ಕೆ ಇಳಿದರೆ ಲೆಕ್ಕಕ್ಕೆ ಬರುವುದು 30. ಮಟ್ಟ ಎಲ್ಲೂ ನಿಲ್ಲದೆ ಇಳಿಯುತ್ತಲೇ ಹೋದರೆ ಆ ಪ್ರಮಾಣದ ನೀರು ಬಾವಿಯಲ್ಲಿ ಇಲ್ಲ ಎಂದೇ ಅರ್ಥ.

ಮೇಲಿನ ಉದಾಹರಣೆಯ 900 ವ್ಯಾಟಿನ ಪಂಪು ಮಧ್ಯಾಹ್ನದ ಬಿಸಿಲಲ್ಲಿ ಗಂಟೆಗೆ ಸುಮಾರು 2,700 ಲೀಟರ್ ಎಳೆಯುತ್ತದೆ. ಬಾವಿ ಗಂಟೆಗೆ 1,500 ಲೀಟರ್ ಮಾತ್ರ ಕೊಡುವುದಾದರೆ ಪಂಪು ಮಧ್ಯಾಹ್ನ ಬಾವಿಯನ್ನು ಬರಿದು ಮಾಡುತ್ತದೆ, ನಿಲ್ಲುತ್ತದೆ, ಅರ್ಧ ಗಂಟೆ ಬಿಟ್ಟು ಮತ್ತೆ ಶುರುವಾಗುತ್ತದೆ. ಬಿಸಿಲು ಜೋರಾಗಿರುವ ಹೊತ್ತೇ ಹಾಳಾಯಿತು. ಇಂಥ ಬಾವಿಗೆ ಪಂಪು ಚಿಕ್ಕದಿರಲಿ, ಪ್ಯಾನಲ್ ಮಾತ್ರ ಅಗತ್ಯಕ್ಕಿಂತ ದೊಡ್ಡದಿರಲಿ. ಆಗ ಎಳೆಬಿಸಿಲಲ್ಲೇ ಪಂಪು ಪೂರ್ಣ ವೇಗಕ್ಕೆ ಬರುತ್ತದೆ, ಕಂಟ್ರೋಲರ್‌ನಲ್ಲಿ ಗರಿಷ್ಠ ವೇಗಕ್ಕೆ ಮಿತಿ ಹಾಕಿದರೆ ಮಧ್ಯಾಹ್ನವೂ ಅಷ್ಟೇ ಓಡುತ್ತದೆ. ಗಂಟೆಗೆ 1,500 ಲೀಟರಿನಂತೆ 8 ಗಂಟೆ ಓಡಿದರೆ 12,000 ಲೀಟರ್. ಬಡ ಬಾವಿಗೆ ದೊಡ್ಡ ಪಂಪಿಗಿಂತ ಉದ್ದ ದಿನವೇ ಮೇಲು.

ಪಂಪನ್ನು ಬಾವಿಯ ತಳಕ್ಕೆ ಇಳಿಸಬಾರದು. ಓಡುವಾಗಿನ ನೀರಿನ ಮಟ್ಟಕ್ಕಿಂತ 3ರಿಂದ 5 ಮೀಟರ್ ಕೆಳಗೆ, ತಳದಿಂದ ಕೆಲವು ಮೀಟರ್ ಮೇಲೆ ಇದ್ದರೆ ಮರಳು ಕಡಿಮೆ ಬರುತ್ತದೆ.

ಮೇಲಿಡುವ ಪಂಪು, ಮುಳುಗಿಸುವ ಪಂಪು

ತೆರೆದ ಬಾವಿ, ಕೃಷಿಹೊಂಡ, ಹಳ್ಳ ಇದ್ದು ನೀರು ಆರು ಮೀಟರಿನೊಳಗೆ ಸಿಗುವುದಾದರೆ ಮೇಲಿಡುವ ಪಂಪು ಅಗ್ಗ, ಕಣ್ಣೆದುರಿಗೇ ಇರುತ್ತದೆ, ಸಂಜೆ ಬಿಚ್ಚಿ ಮನೆಗೆ ಒಯ್ಯಬಹುದು. ಆದರೆ ಎಳೆಯುವ ಕಡೆಗೆ ಪ್ರಕೃತಿಯೇ ಹಾಕಿದ ಮಿತಿಯಿದೆ. ಸಮುದ್ರಮಟ್ಟದಲ್ಲಿ ವಾಯುಭಾರ ನೀರನ್ನು ಎತ್ತಿ ನಿಲ್ಲಿಸುವುದು 10.3 ಮೀಟರ್. ಘರ್ಷಣೆ, ಬಿಸಿ ನೀರು, ಕೀಲುಗಳ ಸೋರಿಕೆ ಕಳೆದರೆ ಕೆಲಸಕ್ಕೆ ಬರುವುದು 6ರಿಂದ 7 ಮೀಟರ್. ನೆಲ ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೇಲಿದ್ದರೆ ಇನ್ನೂ ಒಂದು ಮೀಟರಿಗಿಂತ ಹೆಚ್ಚು ಕಳೆಯಿರಿ. ಎಚ್‌ಪಿ ಏರಿಸಿ ಈ ಮಿತಿಯನ್ನು ದಾಟಲು ಬರುವುದಿಲ್ಲ.

ಸೌರದಲ್ಲಿ ಮೇಲಿಡುವ ಪಂಪಿಗೆ ಇನ್ನೊಂದು ಕಾಟವಿದೆ. ಲೈನ್ ಕರೆಂಟಿನಲ್ಲಾದರೆ ಪಂಪು ಹಾಕುವವರು ಪಕ್ಕದಲ್ಲೇ ನಿಂತು ನೀರು ತುಂಬಿಸಿ ಸ್ವಿಚ್ ಒತ್ತುತ್ತಾರೆ. ಸೌರ ಪಂಪು ಬೆಳಕು ಬಿದ್ದೊಡನೆ ತಾನೇ ಶುರುವಾಗುತ್ತದೆ. ಎಳೆಯುವ ಪೈಪಿನ ತುದಿಯಲ್ಲಿ ನೀರು ಹಿಂದಿಳಿಯದಂತೆ ತಡೆಯುವ ಫುಟ್‌ವಾಲ್ವ್‌ನ ರಬ್ಬರಿನಡಿ ಒಂದು ಕಡ್ಡಿ ಸಿಕ್ಕಿಕೊಂಡು ರಾತ್ರಿಯಿಡೀ ನೀರು ಇಳಿದುಹೋಗಿದ್ದರೆ, ಬೆಳಿಗ್ಗೆ ಯಾರೂ ನೋಡದ ಹೊತ್ತಿನಲ್ಲಿ ಪಂಪು ನೀರಿಲ್ಲದೆ ಒಣದಾಗಿ ತಿರುಗಿ ಸೀಲ್ ಸುಟ್ಟುಕೊಳ್ಳುತ್ತದೆ. ಮೇಲಿಡುವ ಪಂಪೇ ಬೇಕೆಂದಿದ್ದರೆ ಒಣ ಓಟ ತಡೆಯುವ ಸೌಲಭ್ಯ ಕಂಟ್ರೋಲರ್‌ನಲ್ಲಿದೆಯೇ ಎಂದು ಮೊದಲು ಕೇಳಿ, ಫುಟ್‌ವಾಲ್ವ್‌ಗೆ ಬಲೆ ಕಟ್ಟಿಸಿ.

ಆರು ಮೀಟರಿಗಿಂತ ಆಳವಾದರೆ ಮುಳುಗಿಸುವ ಪಂಪು, ಅಂದರೆ ಸಬ್‌ಮರ್ಸಿಬಲ್ ಬಿಟ್ಟು ಬೇರೆ ಮಾತಿಲ್ಲ. ಸಬ್‌ಮರ್ಸಿಬಲ್ ಮೋಟರನ್ನು ಅಗಲವಾದ ತೆರೆದ ಬಾವಿಯಲ್ಲಿ ಇಳಿಸುವಾಗ ಒಂದು ಎಚ್ಚರ: ಅದು ತಣ್ಣಗಿರುವುದು ಮೈಗೆ ತಾಗಿ ಹರಿಯುವ ನೀರಿನಿಂದ. ಕೊಳವೆಬಾವಿಯ ಸಂದಿಯಲ್ಲಿ ಆ ಹರಿವು ತಾನಾಗಿ ಸಿಗುತ್ತದೆ, ಅಗಲ ಬಾವಿಯಲ್ಲಿ ಸಿಗುವುದಿಲ್ಲ. ಮೋಟರಿನ ಸುತ್ತ ಒಂದು ಪೈಪಿನ ತೋಳು ಹಾಕಿಸಿದರೆ ನೀರು ಮೋಟರನ್ನು ಸವರಿಕೊಂಡೇ ಪಂಪಿನ ಬಾಯಿಗೆ ಹೋಗುತ್ತದೆ.

ಇಂಪೆಲ್ಲರ್ ಬೇಕೋ ಸ್ಕ್ರೂ ಬೇಕೋ

ಹೆಚ್ಚಿನವರು ಕೇಳದೇ ಬಿಡುವ, ಆದರೆ ಅತಿ ಹೆಚ್ಚು ವ್ಯತ್ಯಾಸ ಮಾಡುವ ಆಯ್ಕೆ ಇದು.

ಸಾಮಾನ್ಯ ಪಂಪಿನಲ್ಲಿ ನೀರನ್ನು ಚಿಮ್ಮಿಸುವ ತಿರುಗುಚಕ್ರಗಳು, ಅಂದರೆ ಇಂಪೆಲ್ಲರ್‌ಗಳು ಒಂದರ ಮೇಲೊಂದು ಕೂತಿರುತ್ತವೆ. ವೇಗ ಇಳಿದರೆ ನೀರಿನ ಪ್ರಮಾಣ ಅದೇ ಅನುಪಾತದಲ್ಲಿ ಇಳಿಯುತ್ತದೆ, ಎತ್ತುವ ಸಾಮರ್ಥ್ಯ ಮಾತ್ರ ವೇಗದ ವರ್ಗದಂತೆ ಕುಸಿಯುತ್ತದೆ, ಬೇಕಾಗುವ ಶಕ್ತಿ ಘನದಂತೆ. ಬಿಸಿಲು ಅರ್ಧವಾದಾಗ ವೇಗ ಸುಮಾರು ಶೇ. 80ಕ್ಕೆ ಬರುತ್ತದೆ, ಎತ್ತುವ ಸಾಮರ್ಥ್ಯ ಶೇ. 64ಕ್ಕೆ. ಪೂರ್ಣ ವೇಗದಲ್ಲಿ 60 ಮೀಟರ್‌ವರೆಗೆ ಒತ್ತಬಲ್ಲ ಪಂಪು ಆಗ ಒತ್ತುವುದು 38 ಮೀಟರ್. ನಮ್ಮ ಉದಾಹರಣೆಯ ಎತ್ತರವೂ 38. ಅಂದರೆ ಮೋಟರ್ ತಿರುಗುತ್ತಿರುತ್ತದೆ, ನೀರು ಪೈಪಿನ ತುದಿಗೆ ಬಂದು ನಿಂತಿರುತ್ತದೆ, ತೊಟ್ಟಿಗೆ ಒಂದು ಹನಿಯೂ ಬೀಳುವುದಿಲ್ಲ. "ಹತ್ತು ಗಂಟೆವರೆಗೆ ನೀರೇ ಬರಲ್ಲ" ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಇರುವುದು ಇದೇ.

ಹೆಲಿಕಲ್ ರೋಟರ್ ಪಂಪು, ಕೆಲವರು ಸ್ಕ್ರೂ ಪಂಪು ಎನ್ನುವುದು, ರಬ್ಬರ್ ಕವಚದೊಳಗೆ ತಿರುಚಿದ ಉಕ್ಕಿನ ದಂಡವನ್ನು ತಿರುಗಿಸಿ ನೀರನ್ನು ಮೇಲಕ್ಕೆ ತಳ್ಳುತ್ತದೆ. ವೇಗ ಅರ್ಧವಾದರೆ ನೀರೂ ಅರ್ಧ, ಎತ್ತರ ಮಾತ್ರ ಅಷ್ಟೇ. ಮಸುಕು ಬೆಳಕಿನಲ್ಲೂ ಸಣ್ಣ ಧಾರೆ ಬರುತ್ತಲೇ ಇರುತ್ತದೆ. ಎತ್ತರ 30-40 ಮೀಟರಿಗಿಂತ ಹೆಚ್ಚು, ನೀರು ಗಂಟೆಗೆ ಮೂರು ಸಾವಿರ ಲೀಟರಿನೊಳಗೆ ಇದ್ದರೆ ಇದಕ್ಕೇ ನಮ್ಮ ಮತ. ಅದಕ್ಕಿಂತ ಹೆಚ್ಚು ನೀರು, ಕಡಿಮೆ ಎತ್ತರವಾದರೆ ಇಂಪೆಲ್ಲರ್ ಪಂಪೇ ಸರಿ. ಆ ಜಾಗದಲ್ಲಿ ಅದರ ದಕ್ಷತೆ ಮೇಲು, ಬಿಡಿಭಾಗಗಳೂ ಸುಲಭವಾಗಿ ಸಿಗುತ್ತವೆ.

ಸ್ಕ್ರೂ ಪಂಪಿನ ದೌರ್ಬಲ್ಯಗಳನ್ನೂ ತಿಳಿದಿರಬೇಕು. ನೀರಿಲ್ಲದೆ ಕೆಲವು ನಿಮಿಷ ತಿರುಗಿದರೂ ರಬ್ಬರ್ ಸುಡುತ್ತದೆ. ಹೊರಬಾಯಿಯ ವಾಲ್ವ್ ಮುಚ್ಚಿ ಓಡಿಸಿದರೆ ಒತ್ತಡ ಏರುತ್ತಲೇ ಹೋಗಿ ಪೈಪು ಒಡೆಯುತ್ತದೆ, ಇಲ್ಲವೇ ಜೋಡಣೆ ಮುರಿಯುತ್ತದೆ. ಇಂಪೆಲ್ಲರ್ ಪಂಪಿನಲ್ಲಿ ವಾಲ್ವ್ ಮುಚ್ಚುವ ಅಭ್ಯಾಸವಿರುವವರ ಕೈಗೆ ಇದನ್ನು ಕೊಡುವ ಮುನ್ನ ಒತ್ತಡ ಬಿಡುಗಡೆಯ ವಾಲ್ವ್ ಕೂರಿಸಲೇಬೇಕು. ಮರಳು ಬರುವ ಬಾವಿಯಲ್ಲಿ ರಬ್ಬರ್ ಬೇಗ ಸವೆಯುತ್ತದೆ. ನೀರಿನ ಉಷ್ಣತೆಗೆ ತಕ್ಕ ಅಳತೆಯ ರಬ್ಬರ್ ಆರಿಸದಿದ್ದರೆ ಅದು ಉಬ್ಬಿ, ಬೆಳಗಿನ ಮಂದ ಬೆಳಕಿನಲ್ಲಿ ಮೋಟರ್ ತಿರುಗಲು ತಿಣುಕುತ್ತದೆ. ಕೊಳ್ಳುವಾಗ ಬಾವಿಯ ನೀರಿನ ಉಷ್ಣತೆ ಹೇಳಿ ಕೊಳ್ಳಿ.

ಎಸಿ ಮೋಟರ್, ಡಿಸಿ ಮೋಟರ್

ಸಣ್ಣ ಪಂಪುಗಳಲ್ಲಿ ಬ್ರಶ್ ಇಲ್ಲದ ಡಿಸಿ (ಪ್ಯಾನಲ್ ಕೊಡುವ ಬಗೆಯ ನೇರ ವಿದ್ಯುತ್ತಿನ) ಮೋಟರ್ ಅದೇ ಬಿಸಿಲಿಗೆ ಎಸಿಗಿಂತ (ಲೈನಿನ ಪರ್ಯಾಯ ವಿದ್ಯುತ್ತಿನ ಮೋಟರಿಗಿಂತ) ಹೆಚ್ಚು ನೀರು ಕೊಡುತ್ತದೆ. ಎಸಿಯ ಬಲ ಬೇರೆ ಕಡೆಯಿದೆ: ಮೋಟರ್ ಸುಟ್ಟರೆ ವೈಂಡಿಂಗ್ ಮಾಡುವವರು ಎಲ್ಲ ಕಡೆ ಸಿಗುತ್ತಾರೆ. ಡಿಸಿ ಮೋಟರಿಗೆ ಅದರದೇ ಕಂಟ್ರೋಲರ್ ಬೇಕು. ಆ ಕಂಪನಿ ಬಾಗಿಲು ಹಾಕಿದರೆ ಬಾವಿಯಲ್ಲಿರುವ ಒಳ್ಳೆಯ ಪಂಪೂ ಕೆಲಸಕ್ಕೆ ಬಾರದು. ರಿಪೇರಿಯ ಜಾಗ ದಿನವೊಂದರ ಪ್ರಯಾಣದಷ್ಟು ದೂರವಿದ್ದರೆ, ಬೆಳೆ ನೀರಿಲ್ಲದೆ ಎಷ್ಟು ದಿನ ತಡೆದೀತು ಎಂಬುದನ್ನು ಜೊತೆಗಿಟ್ಟು ಯೋಚಿಸಿ.

ಈಗಾಗಲೇ ಇರುವ ಎಸಿ ಪಂಪಿಗೆ ವಿಎಫ್‌ಡಿ (ಪ್ಯಾನಲಿನ ಡಿಸಿಯನ್ನು ಎಸಿ ಮಾಡಿ ಮೋಟರಿನ ವೇಗ ಬದಲಿಸುವ ಡ್ರೈವ್) ಹಾಕಿ ಪ್ಯಾನಲ್ ಜೋಡಿಸುವ ಆಲೋಚನೆ ಹಲವರಿಗೆ ಬರುತ್ತದೆ. ಇಲ್ಲಿ ವೋಲ್ಟೇಜಿನ ಗಂಟೊಂದಿದೆ. ಮೂರು ಫೇಸಿನ 415 ವೋಲ್ಟ್ ಮೋಟರಿಗೆ ಡಿಸಿ ಕಡೆಯಿಂದ ಸುಮಾರು 580 ವೋಲ್ಟ್ ಬೇಕು. ಈಗಿನ 450 ವ್ಯಾಟಿನ ಪ್ಯಾನಲ್ ಓಡುವಾಗ ಕೊಡುವುದು 41 ವೋಲ್ಟ್ ಆಸುಪಾಸು. ಅಂದರೆ ಸಾಲಾಗಿ 14 ಪ್ಯಾನಲ್, 6 ಕಿಲೋವ್ಯಾಟಿಗೂ ಮೇಲೆ! ಒಂದು ಎಚ್‌ಪಿ ಪಂಪಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. 230 ವೋಲ್ಟಿನ ಮೂರು ಫೇಸ್ ಮೋಟರಾದರೆ 8 ಪ್ಯಾನಲ್ ಸಾಕು. ಅದೂ ಬೇಡವೆಂದರೆ ವೋಲ್ಟೇಜ್ ಏರಿಸುವ ಬಗೆಯ ಡ್ರೈವ್ ಹುಡುಕಬೇಕು. ಒಂದೂವರೆ ಕಿಲೋವ್ಯಾಟಿನ ಒಳಗಿನ ವ್ಯವಸ್ಥೆಗಳಲ್ಲಿ ಕಡಿಮೆ ವೋಲ್ಟಿನ ಡಿಸಿ ಪಂಪುಗಳೇ ಹೆಚ್ಚು ಕಾಣುವುದಕ್ಕೆ ಇದೂ ಒಂದು ಕಾರಣ. ಕೆಪಾಸಿಟರ್ ಇರುವ ಸಿಂಗಲ್ ಫೇಸ್ ಮೋಟರನ್ನು ವೇಗ ಬದಲಿಸುತ್ತ ಓಡಿಸುವ ಗೋಜಿಗೆ ಹೋಗದಿರುವುದು ಒಳ್ಳೆಯದು.

ವಿಎಫ್‌ಡಿ ಹಾಕಿಸಿದವರು ಕನಿಷ್ಠ ಆವರ್ತನವನ್ನು 30 ಹರ್ಟ್ಸ್‌ಗೆ ಇಡಿಸಿ. ಅದಕ್ಕಿಂತ ನಿಧಾನವಾಗಿ ತಿರುಗಿದರೆ ಸಬ್‌ಮರ್ಸಿಬಲ್ ಮೋಟರಿನ ಅಡಿಯ ಬೇರಿಂಗಿಗೆ ನೀರಿನ ಪದರ ನಿಲ್ಲದೆ ಸವೆಯುತ್ತದೆ.

ನೀರನ್ನು ಕೂಡಿಡುವುದೋ, ಕರೆಂಟನ್ನೋ, ಎರಡನ್ನೂ ಬಿಡುವುದೋ

ಬ್ಯಾಟರಿಯ ಮಾತು ಬೇಗ ಮುಗಿಯುತ್ತದೆ. ಮೇಲಿನ ಪಂಪಿನ ಒಂದು ದಿನದ 3,450 ವ್ಯಾಟ್-ಅವರನ್ನು ಸೀಸದ ಬ್ಯಾಟರಿಯಲ್ಲಿಟ್ಟು, ಬಾಳಿಕೆಗಾಗಿ ಅರ್ಧವನ್ನಷ್ಟೇ ಬಳಸುವುದಾದರೆ 12 ವೋಲ್ಟ್, 150 ಆಂಪಿಯರ್-ಅವರಿನ ನಾಲ್ಕು ಬ್ಯಾಟರಿ ಬೇಕು. ಒಣ ಪ್ರದೇಶದ ಬಿಸಿಗೆ ಅವುಗಳ ಆಯುಸ್ಸು ಬೇಗ ಕರಗುತ್ತದೆ, ಮೂರ್ನಾಲ್ಕು ವರ್ಷಕ್ಕೊಮ್ಮೆ ಬದಲಿಸುವ ಖರ್ಚು ತಪ್ಪುವುದಿಲ್ಲ. ವಾಲ್ವ್ ತೆರೆಯುವ ಟೈಮರಿಗೆ, ಸಣ್ಣ ದೀಪಕ್ಕೆ ಇರಲಿ, ಪಂಪಿಗೆ ಬೇಡ.

ತೊಟ್ಟಿಯ ಅಗತ್ಯವನ್ನು ತೀರ್ಮಾನಿಸುವುದು ಬಿಸಿಲಿಗಿಂತ ಹೆಚ್ಚಾಗಿ ಮಣ್ಣು. ಜೇಡಿಮಿಶ್ರಿತ ಗೋಡುಮಣ್ಣು ಒಂದು ಮೀಟರ್ ಆಳದಲ್ಲಿ 150 ಮಿಲಿಮೀಟರಿನಷ್ಟು ಬೆಳೆಗೆ ಸಿಗುವ ನೀರನ್ನು ಹಿಡಿದಿಡುತ್ತದೆ. ಬೇರು 30 ಸೆಂಟಿಮೀಟರ್ ಇಳಿದಿದ್ದರೆ 45 ಮಿಲಿಮೀಟರ್, ಅದರಲ್ಲಿ ಬೆಳೆ ಬಾಡದೆ ಬಳಸಬಹುದಾದ್ದು ಅರ್ಧ. ದಿನಕ್ಕೆ 6 ಮಿಲಿಮೀಟರಿನಂತೆ ಮೂರೂವರೆ ದಿನ. ಮೋಡ ಮುಚ್ಚಿದ ದಿನ ಬೆಳೆಯೂ ಕಡಿಮೆ ಕುಡಿಯುತ್ತದೆ. ಇಂಥ ಹೊಲದಲ್ಲಿ ಮಣ್ಣೇ ತೊಟ್ಟಿ. ಮರಳು ಮಣ್ಣಾದರೆ ಅದೇ ಲೆಕ್ಕ ಎರಡು ದಿನಕ್ಕೂ ಸಾಲದು, ಆಗ ಕನಿಷ್ಠ ಒಂದು ದಿನದ ನೀರು ತೊಟ್ಟಿಯಲ್ಲಿರಬೇಕು.

ತೊಟ್ಟಿಯ ಇನ್ನೊಂದು ಲಾಭ ಒತ್ತಡ ಸಮನಾಗಿರುವುದು. ಆದರೆ 10 ಮೀಟರ್ ಎತ್ತರಕ್ಕೆ ಒಂದು ಬಾರ್, 5 ಮೀಟರಿಗೆ ಅರ್ಧ ಬಾರ್ ಅಷ್ಟೇ. ಅರ್ಧ ಬಾರಿನಲ್ಲಿ ಹನಿ ನೀರಾವರಿ ನಡೆಸಲು ಕಡಿಮೆ ಒತ್ತಡದ ಡ್ರಿಪ್ಪರ್ ಬೇಕು, ಲ್ಯಾಟರಲ್‌ಗಳು (ಡ್ರಿಪ್ಪರ್ ಇರುವ ಸಾಲು ಪೈಪುಗಳು) 30-40 ಮೀಟರಿಗಿಂತ ಉದ್ದವಿರಬಾರದು, ಫಿಲ್ಟರ್ ಅಗತ್ಯಕ್ಕಿಂತ ಒಂದಳತೆ ದೊಡ್ಡದಿರಬೇಕು. ತೆರೆದ ಹೊಂಡ ಅಗ್ಗವೆಂದು ಕಂಡರೂ 100 ಚದರ ಮೀಟರ್ ಬಾಯಿಯಿಂದ ಬೇಸಿಗೆಯಲ್ಲಿ ದಿನಕ್ಕೆ 700 ಲೀಟರ್ ಆವಿಯಾಗುತ್ತದೆ, ಪಾಚಿ ಬೇರೆ. ಮುಚ್ಚಿದ ತೊಟ್ಟಿಯೇ ಲೇಸು.

ತೊಟ್ಟಿಯೇ ಬೇಡ, ಪಂಪಿನಿಂದ ನೇರ ಡ್ರಿಪ್ಪಿಗೆ ಎಂದರೆ ತೊಟ್ಟಿಯ 5 ಮೀಟರ್ ಕಳೆದರೂ ಒಂದು ಬಾರ್ ಒತ್ತಡ, ಫಿಲ್ಟರಿನ ನಷ್ಟ ಎಲ್ಲ ಸೇರಿ ನಮ್ಮ ಉದಾಹರಣೆಯ 38 ಮೀಟರ್ 47ಕ್ಕೆ ಏರುತ್ತದೆ, ಪ್ಯಾನಲ್ 780ರಿಂದ 970 ವ್ಯಾಟಿಗೆ. ಕಾಲು ಭಾಗ ಹೆಚ್ಚು ಪ್ಯಾನಲ್ಲೋ, ಎತ್ತರದ ತೊಟ್ಟಿಯೋ? ಬಹಳ ಕಡೆ ಪ್ಯಾನಲ್ಲೇ ಅಗ್ಗ. ಆದರೆ ನೇರ ಪದ್ಧತಿಗೆ ಶಿಸ್ತು ಬೇಕು. 1.2 ಮೀಟರ್ ಸಾಲಿನ ಅಂತರ, 40 ಸೆಂಟಿಮೀಟರಿಗೊಂದು 2 ಲೀಟರಿನ ಡ್ರಿಪ್ಪರ್ ಎಂದರೆ ಅರ್ಧ ಎಕರೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ಡ್ರಿಪ್ಪರ್, ಗಂಟೆಗೆ 8,300 ಲೀಟರ್ ಬೇಡಿಕೆ. ಈ ಹೆಚ್ಚಿದ ಹೆಡ್ಡಿಗೆ ಪಂಪು ಮಧ್ಯಾಹ್ನ ಕೊಡುವುದು 2,500. ಹೊಲವನ್ನು ನಾಲ್ಕು ಪಟ್ಟಿಯಾಗಿ ಒಡೆದು ಸರದಿಯಂತೆ ಬಿಡಬೇಕು. ಬೆಳಗಿನ ಸರದಿಗೆ ಯಾವಾಗಲೂ ಒತ್ತಡ ಕಡಿಮೆ. ಹಾಗಾಗಿ ದಿನವೂ ಸರದಿ ಬದಲಾಗಲಿ, ನಿನ್ನೆ ಬೆಳಿಗ್ಗೆ ನೀರು ಕಂಡ ಪಟ್ಟಿಗೆ ಇಂದು ಮಧ್ಯಾಹ್ನ ಸಿಗಲಿ. ಗಂಟೆ ನೋಡಿ ವಾಲ್ವ್ ತಿರುಗಿಸುವುದಕ್ಕಿಂತ ನೀರಿನ ಮೀಟರ್ ನೋಡಿ ತಿರುಗಿಸುವುದು ಸರಿ: ಪಟ್ಟಿಗೆ 3,300 ಲೀಟರ್ ಆಯಿತೋ, ಮುಂದಿನದಕ್ಕೆ.

ತುಂತುರು ನೀರಾವರಿಗೆ 2ರಿಂದ 3 ಬಾರ್ ಬೇಕು, ಅಂದರೆ ಇನ್ನೂ 20-30 ಮೀಟರ್ ಹೆಡ್. ಗಾಳಿ, ಬಿಸಿಲು ಎರಡೂ ಹೆಚ್ಚಿರುವ ಕಡೆ ನೀರು ನೆಲ ಮುಟ್ಟುವ ಮುನ್ನವೇ ಒಂದಷ್ಟು ಹೋಗಿರುತ್ತದೆ, ಸೌರ ಪಂಪಿಗೆ ಜೋರು ಬರುವುದೂ ಅದೇ ಉರಿಬಿಸಿಲಿನ ಹೊತ್ತಿನಲ್ಲಿ. ಸಣ್ಣ ಸೌರ ಪಂಪಿಗೆ ಈ ಜೋಡಿ ಒಗ್ಗುವುದಿಲ್ಲ.

ಹನಿ ನೀರಾವರಿ ಹಾಕಿದವರು ಫಿಲ್ಟರಿನ ಹಿಂದೆ ಮುಂದೆ ಒಂದೊಂದು ಒತ್ತಡದ ಮೀಟರ್ ಕೂರಿಸಿ. ತೊಳೆದ ಫಿಲ್ಟರಿನಲ್ಲಿ ವ್ಯತ್ಯಾಸ 0.2-0.3 ಬಾರ್ ಇರುತ್ತದೆ, 0.5 ಮುಟ್ಟಿತೆಂದರೆ ತೊಳೆಯುವ ಹೊತ್ತು. ಉಪ್ಪುನೀರಿನ ಬಾವಿಯಾದರೆ ಡ್ರಿಪ್ಪಿನ ತೇವದ ಅಂಚಿನಲ್ಲಿ ಬಿಳಿ ಪದರ ಕಟ್ಟುತ್ತದೆ. ಆಗಾಗ ಹೆಚ್ಚಿಗೆ ನೀರು ಬಿಟ್ಟು ಉಪ್ಪನ್ನು ಬೇರಿನ ಕೆಳಗೆ ತೊಳೆದು ಕಳಿಸಬೇಕು, ಆ ನೀರನ್ನೂ ಮೊದಲ ಲೆಕ್ಕದಲ್ಲೇ ಸೇರಿಸಿಕೊಳ್ಳಿ.

ಪೈಪು, ಕೇಬಲ್, ಪ್ಯಾನಲ್

ಪೈಪಿನಲ್ಲಿ ಮಾಡುವ ಉಳಿತಾಯ ಪ್ಯಾನಲಿನಲ್ಲಿ ನಷ್ಟವಾಗಿ ಬರುತ್ತದೆ. ಗಂಟೆಗೆ 5,000 ಲೀಟರ್ ಹರಿಯುವಾಗ 100 ಮೀಟರ್ ಪ್ಲಾಸ್ಟಿಕ್ ಪೈಪಿನಲ್ಲಿ ಒಳವ್ಯಾಸ 36 ಮಿಲಿಮೀಟರ್ ಇದ್ದರೆ ಸುಮಾರು 5.5 ಮೀಟರ್ ಹೆಡ್ ನಷ್ಟ, 45 ಇದ್ದರೆ 1.8, 57 ಇದ್ದರೆ 0.6. ಬಾವಿಯಿಂದ ಹೊಲ 300 ಮೀಟರ್ ದೂರವಿದ್ದರೆ ಮೊದಲನೆಯದಕ್ಕೂ ಕೊನೆಯದಕ್ಕೂ ಹದಿನಾಲ್ಕು ಮೀಟರಿಗಿಂತ ಹೆಚ್ಚಿನ ಅಂತರ.

ಕೇಬಲ್ಲೂ ಹಾಗೆಯೇ. 60 ವೋಲ್ಟಿನಲ್ಲಿ 15 ಆಂಪಿಯರ್ ಹರಿಯುವ ಪಂಪಿಗೆ 50 ಮೀಟರ್ ದೂರಕ್ಕೆ 4 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಹಾಕಿದರೆ ಆರೂವರೆ ವೋಲ್ಟ್ ದಾರಿಯಲ್ಲೇ ಹೋಗುತ್ತದೆ, ಶೇ. 11. 10 ಚದರ ಮಿಲಿಮೀಟರಾದರೆ ಶೇ. 4 ಚಿಲ್ಲರೆ. ಆಳದ ಬಾವಿಗೆ ಕಡಿಮೆ ವೋಲ್ಟಿನ ಪಂಪು ಆರಿಸುವಾಗ ಈ ದಪ್ಪ ಕೇಬಲ್ಲಿನ ಬೆಲೆಯನ್ನೂ ಕೂಡಿಸಿ ಹೋಲಿಸಬೇಕು.

ಪ್ಯಾನಲ್ ಯಾವ ಕಂಪನಿಯದು ಎಂಬ ಚರ್ಚೆಗೆ ಜನ ಕೊಡುವಷ್ಟು ಹೊತ್ತು ಅದಕ್ಕೆ ಬೇಕಿಲ್ಲ. ಪ್ಯಾನಲಿನ ಮೇಲೆ ಬರೆದಿರುವ ವ್ಯಾಟ್ 25 ಡಿಗ್ರಿ ಉಷ್ಣತೆಯಲ್ಲಿ ಅಳೆದದ್ದು. ಬೇಸಿಗೆಯಲ್ಲಿ ಪ್ಯಾನಲ್ 65 ಡಿಗ್ರಿ ಮುಟ್ಟಿದಾಗ ಶೇ. 15ರಷ್ಟು ಇಳಿಯುತ್ತದೆ, ಅಡಿಯಲ್ಲಿ ಗಾಳಿಯಾಡಲು ಅರ್ಧ ಮೀಟರಾದರೂ ಜಾಗ ಬಿಡಿ. ಚಳಿಗಾಲದ ಬೆಳಿಗ್ಗೆ ಇದಕ್ಕೆ ತಿರುಗುಮುರುಗು: ತಣ್ಣಗಿರುವ ಪ್ಯಾನಲಿನ ವೋಲ್ಟೇಜ್ ಏರುತ್ತದೆ, ಕಂಟ್ರೋಲರ್‌ನ ಗರಿಷ್ಠ ಮಿತಿಗೆ ಅಂಟಿಕೊಂಡು ಪ್ಯಾನಲ್ ಜೋಡಿಸಿದ್ದರೆ ಅದು ಸುಡುವುದು ಆ ಹೊತ್ತಿನಲ್ಲೇ. ಹತ್ತು ಹದಿನೈದು ಶೇಕಡಾ ಅಂತರ ಇರಲಿ. ಸೂರ್ಯನ ಹಿಂದೆ ತಿರುಗುವ ಚೌಕಟ್ಟು ಶೇ. 20ರಷ್ಟು ಹೆಚ್ಚು ನೀರು ಕೊಟ್ಟೀತು, ಆದರೆ ತಿರುಗುವ ಭಾಗ ಎಂದರೆ ಕೆಡುವ ಭಾಗ, ಆ ದುಡ್ಡಿಗೆ ಇನ್ನೊಂದು ಪ್ಯಾನಲ್ ಹಾಕಿಸಿ. ಮರದ ನೆರಳು ಒಂದೇ ಪ್ಯಾನಲಿನ ಮೂಲೆಗೆ ಬಿದ್ದರೂ ಸಾಲಿನಲ್ಲಿರುವ ಎಲ್ಲ ಪ್ಯಾನಲುಗಳ ಮೇಲೆ ಪರಿಣಾಮವಾಗಬಹುದು. ಧೂಳು ಒರೆಸುವುದು ಬೆಳಿಗ್ಗೆ ತಂಪಿನಲ್ಲಿ, ಮೆದು ಬಟ್ಟೆಯಿಂದ. ಗಡಸು ನೀರು ಸುರಿದು ಒಣಗಲು ಬಿಟ್ಟರೆ ಗಾಜಿನ ಮೇಲೆ ಸುಣ್ಣದ ಕಲೆ ಕಟ್ಟುತ್ತದೆ.

ಕೆಡುವುದು ಸಾಮಾನ್ಯವಾಗಿ ಪ್ಯಾನಲ್ ಅಲ್ಲ. ಬೇರೆ ಬೇರೆ ಕಂಪನಿಯ ಕನೆಕ್ಟರ್ ಜೋಡಿಸಿದಲ್ಲಿ ಬಿಸಿಯಾಗಿ ಕರಗುತ್ತದೆ. ಮನೆಯ ಎಸಿ ಸ್ವಿಚ್ಚನ್ನು ಡಿಸಿಗೆ ಹಾಕಿದರೆ ಆರಿಸುವಾಗ ಕಿಡಿ ಆರದೆ ಸ್ವಿಚ್ಚೇ ಉರಿಯುತ್ತದೆ, ಡಿಸಿಗೆಂದೇ ಮಾಡಿದ್ದನ್ನೇ ಹಾಕಬೇಕು. ಕಂಟ್ರೋಲರನ್ನು ಬಿಸಿಲಿಗೆ ತೂಗಿಹಾಕಿದರೆ ಮಧ್ಯಾಹ್ನ ತಾನೇ ಶಕ್ತಿ ಇಳಿಸಿಕೊಳ್ಳುತ್ತದೆ, ಪ್ಯಾನಲಿನ ನೆರಳಿನಲ್ಲೇ ಕೂರಿಸಿ. ಪೆಟ್ಟಿಗೆಯ ಕೇಬಲ್ ತೂತುಗಳನ್ನು ಮುಚ್ಚದಿದ್ದರೆ ಹಲ್ಲಿ, ಇರುವೆ ಒಳಸೇರಿ ಬೋರ್ಡ್ ಹಾಳುಮಾಡುತ್ತವೆ. ಅರ್ಥಿಂಗ್ ಮತ್ತು ಸಿಡಿಲು ತಡೆಯುವ ಸಾಧನ ಇಲ್ಲದ ವ್ಯವಸ್ಥೆಯನ್ನು ಒಪ್ಪಿಕೊಳ್ಳಬೇಡಿ.

ಡೀಸೆಲ್ ಬಿಡಬೇಕೇ?

ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 10 ಕಿಲೋವ್ಯಾಟ್-ಅವರ್ ಶಕ್ತಿ ಇದೆ. ಸಣ್ಣ ಜನರೇಟರ್, ಅದರಿಂದ ಓಡುವ ಸಬ್‌ಮರ್ಸಿಬಲ್ ಎಲ್ಲ ದಾಟಿ ನೀರಿಗೆ ಸೇರುವುದು ಮುಕ್ಕಾಲು ಕಿಲೋವ್ಯಾಟ್-ಅವರ್ ಸಿಕ್ಕರೆ ಹೆಚ್ಚು. 38 ಮೀಟರಿಗೆ ಲೀಟರೊಂದಕ್ಕೆ 7,000 ಲೀಟರ್ ನೀರು. ನಮ್ಮ ಅರ್ಧ ಎಕರೆಗೆ ದಿನಕ್ಕೆ ಎರಡು ಲೀಟರ್ ಡೀಸೆಲ್ ಎಂದಾಯಿತು. ಇದರ ಬೆಲೆಯನ್ನು ವರ್ಷದಲ್ಲಿ ನೀರು ಕಟ್ಟುವ ದಿನಗಳಿಂದ ಗುಣಿಸಿ, ಎಣ್ಣೆ ತರುವ ಓಡಾಟ, ಎಂಜಿನ್ ರಿಪೇರಿ ಸೇರಿಸಿ, ಸೌರದ ಒಟ್ಟು ಖರ್ಚನ್ನು ಅದರಿಂದ ಭಾಗಿಸಿದರೆ ಎಷ್ಟು ವರ್ಷಕ್ಕೆ ಹಣ ಹಿಂದೆ ಬರುತ್ತದೆ ಎಂದು ತಿಳಿಯುತ್ತದೆ. ವರ್ಷವಿಡೀ ತರಕಾರಿ, ಹಣ್ಣು ಬೆಳೆಯುವವರಿಗೆ ಸೌರ ಬೇಗ ಕೈಹಿಡಿಯುತ್ತದೆ. ಮಳೆ ಕೈಕೊಟ್ಟಾಗ ನಾಲ್ಕು ಸಲ ನೀರು ಕೊಡುವವರಿಗೆ ಬಾಡಿಗೆ ಎಂಜಿನ್ನೇ ಸಾಕು. ಇರುವ ಎಂಜಿನನ್ನು ಮಾರದೆ, ಬೇಸಿಗೆಯ ತುದಿಯ ಬೇಡಿಕೆಗೆ ಇಟ್ಟುಕೊಂಡರೆ ಸೌರ ವ್ಯವಸ್ಥೆಯನ್ನು ಸ್ವಲ್ಪ ಚಿಕ್ಕದು ಮಾಡಿಕೊಳ್ಳಬಹುದು.

ಡೀಸೆಲ್ ಕಲಿಸುವ ಮಿತವ್ಯಯ ಸೌರದಲ್ಲಿ ಇರುವುದಿಲ್ಲ. ಬಿಸಿಲಿಗೆ ಬಿಲ್ಲಿಲ್ಲದ ಕಾರಣ ಬೇಡದಿದ್ದರೂ ಪಂಪು ಓಡುತ್ತದೆ, ಅಂತರ್ಜಲ ಇಳಿಯುತ್ತದೆ. ಮುಂದಿನ ವರ್ಷ ನೀರು 30 ಮೀಟರಿನಿಂದ 40ಕ್ಕೆ ಜಾರಿದರೆ ಇದೇ ಪ್ಯಾನಲು ಈಗಿನದಕ್ಕಿಂತ ಐದನೇ ಒಂದು ಭಾಗದಷ್ಟು ಕಡಿಮೆ ನೀರು ಕೊಡುತ್ತದೆ. ತೊಟ್ಟಿ ತುಂಬಿದೊಡನೆ ಪಂಪು ನಿಲ್ಲಿಸುವ ಫ್ಲೋಟ್ ಸ್ವಿಚ್ಚನ್ನು, ನೀರಿನ ಮೀಟರನ್ನು ಐಚ್ಛಿಕ ಎಂದು ಬಿಡಬೇಡಿ.

ಹಣ ಪೂರ್ತಿ ಕೊಡುವ ಮುನ್ನ

ಕೊಟೇಶನ್ನಿನಲ್ಲಿ ಎಚ್‌ಪಿ, ವ್ಯಾಟ್ ಮಾತ್ರ ಬರೆದಿದ್ದರೆ ಹಿಂದಿರುಗಿಸಿ. "ಇಷ್ಟು ಮೀಟರ್ ಹೆಡ್ಡಿಗೆ, ಇಂಥ ತಿಂಗಳ ಬಿಸಿಲಿಗೆ, ದಿನಕ್ಕೆ ಇಷ್ಟು ಲೀಟರ್" ಎಂದು ಬರೆಸಿಕೊಳ್ಳಿ. ಜೋಡಣೆ ಮುಗಿದ ಮೇಲೆ ಮೋಡವಿಲ್ಲದ ಒಂದು ದಿನ ಬೆಳಗಿನಿಂದ ಸಂಜೆವರೆಗೆ ನೀರಿನ ಮೀಟರ್ ಓದಿ ಅದರೊಂದಿಗೆ ತಾಳೆ ನೋಡಿ. ನಡುಹಗಲಿಗೆ 200 ಲೀಟರ್ ಡ್ರಮ್ಮೊಂದನ್ನು ತುಂಬಿಸಿ ನೋಡುವುದೂ ಒಳ್ಳೆಯದೇ. ನಮ್ಮ ಉದಾಹರಣೆಯ ಪಂಪು ನಿಮಿಷಕ್ಕೆ 45 ಲೀಟರ್ ಕೊಡಬೇಕು, ಅಂದರೆ ಡ್ರಮ್ಮು ನಾಲ್ಕೂವರೆ ನಿಮಿಷದೊಳಗೆ ತುಂಬಬೇಕು. ಆರು ನಿಮಿಷ ಹಿಡಿದರೆ ಮೊದಲು ನೋಡಬೇಕಾದ್ದು ಬಾವಿಯ ನೀರಿನ ಮಟ್ಟ, ಆಮೇಲೆ ಪೈಪಿನ ಕೀಲುಗಳು, ಆಮೇಲೆ ಕಂಟ್ರೋಲರ್ ತೋರಿಸುವ ವೋಲ್ಟ್ ಮತ್ತು ಆಂಪಿಯರ್. ವ್ಯಾಟ್ ಸರಿಯಾಗಿ ಬಂದೂ ನೀರು ಕಡಿಮೆಯಿದ್ದರೆ ತಪ್ಪು ಪಂಪಿನಲ್ಲೋ ಎತ್ತರದಲ್ಲೋ ಇದೆ. ಬಿಸಿಲು ಜೋರಾಗಿದ್ದೂ ವ್ಯಾಟೇ ಕಡಿಮೆಯಿದ್ದರೆ ಪ್ಯಾನಲ್ ಜೋಡಣೆಯ ಸಾಲಿನಲ್ಲಿ, ಕನೆಕ್ಟರಿನಲ್ಲಿ, ನೆರಳಿನಲ್ಲಿ ಹುಡುಕಿ. ಸ್ಕ್ರೂ ಪಂಪಾದರೆ ಅದರ ರಬ್ಬರ್ ಕವಚ (ಸ್ಟೇಟರ್), ಸೀಲ್, ಫ್ಯೂಸ್, ಒಂದು ಜೊತೆ ಕನೆಕ್ಟರ್ ಇಷ್ಟನ್ನು ಅದೇ ದಿನ ಕೇಳಿ ಇಟ್ಟುಕೊಳ್ಳಿ.